ಹಳೆಯ ಲೈಬ್ರರಿಯ ತೂಬು ಮುಚ್ಚಿದ್ದು

ನಾನು ಶಹಾಪುರದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಹೀಗಾಗಿ ನಮ್ಮೂರು ಸಗರದ ನೀರು ಬಳಕೆದಾರರ ಸಂಘದ ಪಾಳಿ ಪಟ್ಟಿಯ ಭಾರ ನನ್ನ ಹೆಗಲಿಗೆ ಬಂತು. ಬಂತೇನು, ನಾನೇ ಕೇಳಿ ಹೊತ್ತುಕೊಂಡೆ. ಹೆಂಡತಿ ಮಹಾದೇವಿ ಆ ಸಂಘದ ಕಾರ್ಯದರ್ಶಿ. ಯಾರ ಹೊಲಕ್ಕೆ ಯಾವ ಹೊತ್ತಿಗೆ ಕಾಲುವೆ ನೀರು ಎಂಬುದನ್ನು ಅವಳು ಕೈಯಲ್ಲೇ ಬರೆಯುತ್ತಿದ್ದಳು. ನಾನು ಅದಕ್ಕೊಂದು ಪ್ರೋಗ್ರಾಂ ಮಾಡಿಕೊಟ್ಟೆ. ಎರಡು ಹಂಗಾಮು ಚೆನ್ನಾಗಿಯೇ ನಡೆಯಿತು.

ಚೆನ್ನಾಗಿ ನಡೆಯುವುದನ್ನು ಕಂಡರೆ ನನಗೆ ಸಹಿಸಲಾಗದು. ಮುಂದಿನ ಹಂಗಾಮು ಬಂತು, ಮರುದಿನ ಬೆಳಿಗ್ಗೆ ಕಾಲುವೆಗೆ ನೀರು ಬಿಡುವವರಿದ್ದರು. ಅಂದೇ ನಾನು ನಮ್ಮ ಲಿನಕ್ಸ್ ಕಂಪ್ಯೂಟರಿನಲ್ಲಿ ಹಳೆಯದರ ಪಕ್ಕಕ್ಕೆ ಹೊಸ ಕಂಪೈಲರ್ ಹಾಕಿದೆ. ಕಂಪೈಲರ್ ಎಂದರೆ ನಾವು ಬರೆದದ್ದನ್ನು ಕಂಪ್ಯೂಟರಿಗೆ ತಿಳಿಸುವ ದುಭಾಷಿ. ಪಟ್ಟಿಯ ಪ್ರೋಗ್ರಾಂ ಹೊಸ ದುಭಾಷಿಯ ಕೈಗೆ ಹೋಯಿತು. ವೇಗ ಹೆಚ್ಚುತ್ತದೆ ಎಂದೆ. ನಲವತ್ತು ಹೆಸರಿಗೆ ಎಷ್ಟು ವೇಗ ಬೇಕು ಎಂದು ಮಹಾದೇವಿ ಕೇಳಿದಳು. ಉತ್ತರಿಸುವುದು ನನ್ನ ಘನತೆಗೆ ತಕ್ಕದ್ದಾಗಿರಲಿಲ್ಲ.

ಪ್ರೋಗ್ರಾಂ ಏಳಲಿಲ್ಲ. ಅದಕ್ಕೀಗ ಹೊಸ ಲೈಬ್ರರಿ ಬೇಕು. ಲೈಬ್ರರಿ ಎಂದರೆ ಪುಸ್ತಕದ್ದಲ್ಲ, ಹಲವು ಪ್ರೋಗ್ರಾಂಗಳು ಎರವಲು ಪಡೆದು ಬಳಸುವ ಸಿದ್ಧ ಕೋಡಿನ ಕಡತ. ಆದರೆ ಪ್ರೋಗ್ರಾಂ ಹೋಗಿ ಅದೇ ಹೆಸರಿನ ಹಳೆಯ ಲೈಬ್ರರಿಯ ಬಾಗಿಲು ತಟ್ಟುತ್ತಿತ್ತು. ನಮ್ಮ ಕಾಲುವೆಯಲ್ಲಿ ಇಂಥದ್ದಕ್ಕೊಂದು ಪದ್ಧತಿಯಿದೆ: ಕೊನೆಯ ಹೊಲದ ಪಾಳಿ ಬಂದಾಗ ಮೇಲಿನ ತೂಬು ಮುಚ್ಚುತ್ತಾರೆ. ನಾನೂ ಮುಚ್ಚಿದೆ. ಹಳೆಯ ಲೈಬ್ರರಿಯನ್ನು ಅಳಿಸಿಯೇ ಬಿಟ್ಟೆ!

ಕಂಪ್ಯೂಟರಿನ ಅರ್ಧ ಸಂಸಾರ ನಡೆಯುತ್ತಿದ್ದದ್ದೇ ಆ ಹಳೆಯ ಲೈಬ್ರರಿಯಿಂದ. ಬರೆಯುವ ಪ್ರೋಗ್ರಾಂ ನಿಂತಿತು, ಇಂಟರ್ನೆಟ್ ತೆರೆಯುವುದು ನಿಂತಿತು, ಪಟ್ಟಿಯ ಹಳೆಯ ಪ್ರೋಗ್ರಾಂ ಕೂಡ ನಿಂತಿತು. ಹೊಸದಾದರೂ ಎದ್ದಿತೇ? ಹೊಸ ಲೈಬ್ರರಿ ಬೇರೊಂದು ಫೋಲ್ಡರಿನಲ್ಲಿ ಕೂತಿತ್ತು. ಅಲ್ಲಿಗೆ ದಾರಿ ತೋರಿಸುವುದನ್ನೇ ನಾನು ಮರೆತಿದ್ದೆ.

ಅಷ್ಟರಲ್ಲಿ ಹಣಮವ್ವ ಪಟ್ಟಿ ಕೇಳಿಕೊಂಡು ಬಂದಳು. ಕಾಲುವೆಯ ಕಟ್ಟಕಡೆಗೆ ಅವಳದು ಒಂದೂವರೆ ಎಕರೆ ಭತ್ತ. ಹಿಂದೊಮ್ಮೆ ಪಟ್ಟಿ ಅಂಟಿಸದೆ ಇದ್ದಾಗ ಮೇಲಿನವರು ಅವಳ ಪಾಳಿಯನ್ನು ನುಂಗಿ ನೀರು ಕುಡಿದಿದ್ದರು. ಬೆಳೆ ಪೂರ್ತಿ ಒಣಗಿತ್ತು.

“ಸರ, ನನ್ನ ಹೆಸರು ಕಾಗದದಾಗ ಇದ್ರ ನೀರು ಬರ್ತದರಿ,” ಎಂದಳು. “ಬಾಯಿಮಾತಿಗಿ ಯಾರು ತೂಬು ಮುಚ್ಚತಾರ?”

ನನಗೆ ನಾಚಿಕೆಯಾಯಿತು. ಹೇಳಿಕೊಂಡು ನಗುವಂಥ ನಾಚಿಕೆಯಲ್ಲ ಅದು. ಅವಳ ಮುಖ ನೋಡಲಾಗದೆ ಕೀಬೋರ್ಡನ್ನೇ ಒರೆಸುತ್ತ ಕೂತೆ.

“ನೀವೊಂದೀಟು ಸರೀರಿ,” ಎಂದಳು ಮಹಾದೇವಿ. “ಹೆಸರು ನನಗ ಬಾಯಿಪಾಠ ಅದಾವ.”

ಗಂಟೆಯೊಳಗೆ ಪಟ್ಟಿಯನ್ನು ಕೈಯಲ್ಲೇ ಬರೆದು ಮುಗಿಸಿದಳು. ಹಣಮವ್ವ ತನ್ನ ಹೆಸರನ್ನು ಮೂರು ಸಲ ಓದಿಸಿಕೊಂಡು ಎದ್ದಳು. ನಾಲ್ಕನೆಯ ದಿನ ಅವಳ ಗದ್ದೆಗೆ ನೀರು ತಲುಪಿತು.

ಹಳೆಯ ಲೈಬ್ರರಿಯನ್ನು ಮತ್ತೆ ತಂದಿಟ್ಟು, ಹೊಸ ಪ್ರೋಗ್ರಾಂಗೆ ಮಾತ್ರ ಹೊಸದರ ದಾರಿ ಹೇಳಿಕೊಡಲು ನನಗೆ ಎರಡು ವಾರ ಹಿಡಿಯಿತು. ಈಗ ಎರಡೂ ಜಗಳವಿಲ್ಲದೆ ಬಾಳುತ್ತಿವೆ. ಈ ಸಂಗತಿಯನ್ನು ಸಂಘದ ಸಭೆಯಲ್ಲಿ ಗಂಭೀರವಾಗಿ ನಿವೇದಿಸಿದೆ. ಸಭೆ ಕೇಳಿತು, ಸಂತೋಷ ವ್ಯಕ್ತಪಡಿಸಿತು, ಇನ್ನು ಮುಂದೆ ಪಟ್ಟಿಯನ್ನು ಮಹಾದೇವಿಯೇ ಬರೆಯತಕ್ಕದ್ದೆಂದು ಒಮ್ಮತದಿಂದ ಠರಾವು ಮಾಡಿತು. ನನಗೆ ಆ ಪಟ್ಟಿಯ ಹಾಳೆಗೆ ಗೆರೆ ಎಳೆಯುವ ಕೆಲಸ ಕೊಟ್ಟಿದ್ದಾರೆ. ಅದೂ ಪೆನ್ಸಿಲ್ಲಿನಲ್ಲಿ.