ಎಲೆ ಅಡಿಕೆ ಕೊಟ್ಟು ಪಡೆದ ಒಪ್ಪಿಗೆ

ಜಗತ್ತಿನಲ್ಲಿ ‘ಹೂಂ’ ಅನ್ನುವುದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ. ಅಂದ ಮೇಲೆ ಅದನ್ನು ವಾಪಸ್ ನುಂಗುವುದಿದೆಯಲ್ಲ, ಅದರ ಕಷ್ಟ ನನ್ನನ್ನು ಕೇಳಿ. ಚಳ್ಳಕೆರೆಯಲ್ಲಿ ಮನೆ, ದೇವಸಮುದ್ರದ ಕಡೆಯ ಹಳ್ಳಿಯೊಂದರಲ್ಲಿ ಮೇಷ್ಟ್ರ ಕೆಲಸ, ದಾರಿಯುದ್ದಕ್ಕೂ ಬಸ್ಸಿನಲ್ಲಿ ನಿದ್ದೆ. ಸುಖವಾಗಿಯೇ ಇದ್ದೆ. ಆದರೆ ನಿಶ್ಚಿತಾರ್ಥದ ದಿನ ತಾಂಬೂಲ ಬದಲಾಯಿಸುವಾಗ ನಮ್ಮ ಮಾವ, “ಹುಡುಗ ಮುಂದೆ ಪಿಎಚ್.ಡಿ. ಮಾಡ್ತಾನಲ್ಲ?” ಎಂದು ಕೇಳಿಬಿಟ್ಟಿದ್ದರು. ನನ್ನ ಬಾಯಲ್ಲಿ ಎಲೆ ಅಡಿಕೆ ಇತ್ತು. “ಹೂಂ” ಅಂದೆ. ಬಾಯಿ ಖಾಲಿ ಇದ್ದಿದ್ದರೆ ಬೇರೇನಾದರೂ ಅನ್ನುತ್ತಿದ್ದೆ.

ಹೀಗೆ ಗಂಟುಬಿದ್ದ ಸಂಶೋಧನೆಯ ವಿಷಯ, ಮನೆಯಲ್ಲಿ ಮಕ್ಕಳು ತಿನ್ನುವ ಬೈಗುಳ ಮತ್ತು ಅವರ ಕಲಿಕೆ. ಗೈಡ್ ಮೇಡಂ ಮೊದಲೇ ಎಚ್ಚರಿಸಿದ್ದರು: “ಮಕ್ಕಳ ವಿಷಯ ರೀ, ಹುಡುಗಾಟ ಅಲ್ಲ. ಮನೆಯವರೂ ಒಪ್ಪಬೇಕು, ಮಗುವೂ ಒಪ್ಪಬೇಕು. ನಡುವೆ ಬೇಡ ಅನ್ನಿಸಿದರೆ ಮಗು ಎದ್ದು ಹೋಗಬಹುದು. ಕಾರಣ ಕೇಳೋ ಹಾಗಿಲ್ಲ.” ಊರಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಅಂದಕೂಡಲೇ ಜನ ಬಾಗಿಲು ಹಾಕಿಕೊಂಡರು, ಸಹಿ ಹಾಕಿಸಿಕೊಂಡವನು ಹೊಲವನ್ನೇ ಬರೆಸಿಕೊಂಡಾನು ಎಂಬ ಭಯ. ಆಗ ನನ್ನ ತಲೆ ಓಡಿತು. ಈ ಕಡೆ ಮಾತು ಗಟ್ಟಿಯಾಗುವುದೇ ಎಲೆ ಅಡಿಕೆಯಲ್ಲಿ. ರಾಂಪುರದಿಂದ ವೀಳ್ಯದೆಲೆ ತಂದು ಮನೆಮನೆಗೂ ಕೊಟ್ಟೆ. ಎಲ್ಲರೂ ಸಂತೋಷದಿಂದ ಒಪ್ಪಿದರು. ಮೇಡಂಗೆ ಮಾತ್ರ ಈ ಉಪಾಯ ಹೇಳಲಿಲ್ಲ.

ಮೊದಲು ಕೂತವಳು ಆರನೇ ಕ್ಲಾಸಿನ ಕಾವ್ಯ. “ಬೇಡ ಅನ್ನಿಸಿದರೆ ಎದ್ದು ಹೋಗಬಹುದಮ್ಮ” ಅಂದೆ. ಎದ್ದು ಹೋದಳು. ಆ ಮಗುವಿಗೆ ಹುಟ್ಟಿದಾಗಿನಿಂದ ಯಾರೂ ಹಾಗೆ ಹೇಳಿರಲಿಲ್ಲವೇನೋ! ಸ್ವಲ್ಪ ಹೊತ್ತಿಗೆ ಅವಳ ಅಜ್ಜಿ ತಿಪ್ಪಮ್ಮ ಮೊಮ್ಮಗಳ ರಟ್ಟೆ ಹಿಡಿದು ಎಳೆದುಕೊಂಡು ಬಂದರು.

“ಎಲೆ ತಗಂಡೀವಿ ಸಾಮಿ, ಮಾತು ತಪ್ಪಂಗಿಲ್ಲ. ಕುಂದ್ರೇ!”

“ಅಜ್ಜೀ, ಅವಳಿಗೆ ಇಷ್ಟ ಇಲ್ಲದಿದ್ದರೆ ಬಿಡಬೇಕು.”

“ಇಷ್ಟ ಅಂತೆ ಇಷ್ಟ! ನನ್ ಮದ್ವೇಲಿ ನನ್ನ ಯಾರು ಕೇಳಿದ್ರು?” ಎಂದು ಅಜ್ಜಿ ಮೊಮ್ಮಗಳ ಕಡೆ ತಿರುಗಿದರು. “ಹೇಳೇ ಮೂದೇವಿ! ನಾನು ಯಾವತ್ತಾರ ನಿನ್ನ ಬೈದೀನೇನೇ? ಬಾಯಾಗೆ ಮಣ್ಣು ಬಿದ್ದೈತಾ, ಹಾಳಾದೋಳೇ!”

ಸಂಶೋಧನೆಯೇ ಎದುರಿಗೆ ನಿಂತು ಕೂಗುತ್ತಿದೆ, ಬರೆದುಕೊಳ್ಳುವ ಹಾಗಿಲ್ಲ. ಅಜ್ಜಿಯ ಬೈಗುಳಕ್ಕೆ ಅಜ್ಜಿಯ ಒಪ್ಪಿಗೆ ಪಡೆದಿರಲಿಲ್ಲ. ಕಾವ್ಯ ಕಣ್ತುಂಬ ನೀರು ತುಂಬಿಕೊಂಡು ತುಟಿ ಬಿಗಿಹಿಡಿದಿದ್ದಳು. ಎಷ್ಟು ಬೈದರೂ ಅಜ್ಜಿಯನ್ನು ಬಿಟ್ಟುಕೊಡಲಾರಳು ಅಂತ ಕಾಣುತ್ತದೆ. ನನಗೆ ನಿಜಕ್ಕೂ ಸಂಕಟವಾಯಿತು. ಪಾಪ, ಎಲೆ ಹಂಚಿದವನು ನಾನು, ಸಿಕ್ಕಿಬಿದ್ದವಳು ಅವಳು.

“ಎಲೆ ವಾಪಸ್ ಕೊಟ್ರೆ ಮಾತೂ ವಾಪಸ್ ಅಲ್ವೇನಜ್ಜಿ?” ಎಂದು ಕೊನೆಗೆ ಕಾವ್ಯಳೇ ಕೇಳಿದಳು.

“ಹೂಂ ಮತ್ತೆ. ಆದ್ರೆ ಅಗ್ದು ಉಗ್ದಾಯ್ತಲ್ಲೇ!”

ಮಾರನೇ ದಿನ ಕಾವ್ಯ ಸ್ಟೀಲ್ ತಟ್ಟೆಯಲ್ಲಿ ಹೊಸ ಎಲೆ, ಅಡಿಕೆ ಇಟ್ಟುಕೊಂಡು ಬಂದಳು. “ತಗಳ್ರಿ ಸಾ, ನಿಮ್ಮೆಲೆ ನಿಮಗೆ.” ಸಾಕ್ಷಿಗೆ ಹಿಂದೆ ಅಜ್ಜಿ. ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಕ್ಲಾಸು ಎಲೆ ಹಿಡಿದು ಸಾಲಾಗಿ ನಿಂತಿತ್ತು. ಹೆಡ್ಮಾಸ್ತರು ಬಂದು ನೋಡಿ, “ಸುಣ್ಣ ಐತೇನ್ರಿ?” ಎಂದಷ್ಟೇ ಕೇಳಿದರು. ಸಂಶೋಧನೆಗೆ ಒಂದು ಮಗುವೂ ಉಳಿಯಲಿಲ್ಲ.

ಸಂಜೆ ಚೀಲದ ತುಂಬ ಎಲೆ ಹೊತ್ತು ಚಳ್ಳಕೆರೆಗೆ ಬಂದರೆ ಮನೆಯಲ್ಲಿ ಮಾವ ಕೂತಿದ್ದರು. ಆರನೇ ಕ್ಲಾಸಿನ ಹುಡುಗಿಗಿದ್ದ ಧೈರ್ಯ ನನಗಿಲ್ಲವೇ? ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಅವರ ಮುಂದೆ ಹಿಡಿದೆ. “ಮಾವ, ಅವತ್ತಿನ ತಾಂಬೂಲ ವಾಪಸ್ ಕೊಡ್ತಿದೀನಿ.” ಒಳಗೆ ಪಾತ್ರೆ ಬಿದ್ದ ಸದ್ದಾಯಿತು. “ಮದುವೆದಲ್ಲ ಮಾರಾಯ್ತಿ, ಪಿಎಚ್.ಡಿ.ದು!” ಎಂದು ಹೆಂಡತಿಗೆ ಕೂಗಿ ಹೇಳಿದೆ.

ಮಾವನ ಕಿವಿ ಸ್ವಲ್ಪ ಮಂದ. ಸಂತೋಷದಿಂದ ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡರು. ಇನ್ನೆರಡನ್ನು ಮಡಿಸಿ ನನ್ನ ಕೈಗೂ ಕೊಟ್ಟರು. ಹಿರಿಯರು ಕೊಟ್ಟದ್ದು, ಬೇಡ ಅನ್ನಲಾಗುತ್ತದೆಯೇ?

“ಬ್ಯಾಗ ಮುಗಿಸ್ತೀರಲ್ಲ ಅಳಿಯಂದ್ರೇ, ನಿಮ್ಮ ಪಿಎಚ್.ಡಿ.ನಾ?”

ನನ್ನ ಬಾಯಲ್ಲಿ ಎಲೆ ಅಡಿಕೆ ಇತ್ತು. “ಹೂಂ” ಅಂದೆ.