ರೈಲು ಅಳಿಸುವ ಸಾಫ್ಟ್‌ವೇರ್

ಅಂಗಡಿಯಲ್ಲಿ ಹತ್ತು ಸೀರೆ ಬಿಚ್ಚಿಸಿ ಕೊನೆಗೆ ಕರವಸ್ತ್ರ ಕೊಂಡು ಬರುವವರ ಪೈಕಿ ನಾನು. ಅಂಥವಳು ಟೀಚರ್ ಕೆಲಸದಿಂದ ರಿಟೈರ್ ಆದಮೇಲೆ ಸಾಫ್ಟ್‌ವೇರ್ ಆರಿಸಬೇಕಾಯಿತು. ಗುಲ್ಬರ್ಗಾದ ಸಣ್ಣ ಕಂಪನಿಯೊಂದಕ್ಕೆ ಮಕ್ಕಳ ಕಥೆಗಳನ್ನು ಕ್ಯಾಸೆಟ್ಟಿಗೆ ಓದಿಕೊಡುತ್ತಿದ್ದೆ. ಸಿ.ಡಿ. ಕಾಲ ಬಂತು, ನನ್ನ ದನಿಯೂ ಒಡೆಯತೊಡಗಿತು. ಮಾಲೀಕರು ನಯವಾಗಿ, “ಮೇಡಂ, ಓದಿದ್ದು ಸಾಕು, ಇನ್ನ ಪೋಸ್ಟ್ ಪ್ರೊಡಕ್ಷನ್ ಮಾಡ್ರಿ. ಯಾವ ಸಾಫ್ಟ್‌ವೇರ್ ಒಗ್ಗತದೋ ನೋಡಿ ಒಂದು ಸ್ಯಾಂಪಲ್ ಕಳಿಸ್ರಿ. ಛಲೋ ಇದ್ರ ಕೆಲಸ ನಿಮ್ದ” ಅಂದರು. ಪೋಸ್ಟ್ ಪ್ರೊಡಕ್ಷನ್ ಅಂದರೆ ಓದಿದ್ದರಲ್ಲಿನ ಕೆಮ್ಮು, ಗದ್ದಲ ಆರಿಸಿ ತೆಗೆಯುವುದು. ಅಕ್ಕಿಯಲ್ಲಿ ಹರಳು ಆರಿಸಿದ ಹಾಗೆ. ಇದೂ ಕೈತಪ್ಪಿದರೆ ನನಗೆ ಉಳಿಯುವುದು ನಿಜವಾದ ಅಕ್ಕಿಯೇ.

ವಾಡಿಯಲ್ಲಿ ಹಳಿಯ ಪಕ್ಕದ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಎರಡು ಸಾಫ್ಟ್‌ವೇರ್ ಕೂತಿದ್ದವು. ಒಂದು ವಿಮಾನದ ಕಾಕ್‌ಪಿಟ್‌ನಂತೆ, ಬರೀ ಗುಂಡಿಗಳು. ಇನ್ನೊಂದು ಬಡಪಾಯಿ, ಕತ್ತರಿಸು, ಅಂಟಿಸು, ದನಿ ಏರಿಸು, ಇಳಿಸು, ಅಷ್ಟೇ. “ಹುಷಾರ್! ಒಂದು ಗುಂಡಿ ತಪ್ಪಿ ಒತ್ತಿದ್ರ ವಾಡಿ ಜಂಕ್ಷನ್ನೇ ಹಾರಿ ಹೋಗ್ತದ,” ಎಂದರು ರೈಲ್ವೆಯಲ್ಲಿ ಆಯುಷ್ಯ ಕಳೆದ ನಮ್ಮ ಯಜಮಾನರು.

ಪರೀಕ್ಷೆಗೆ ತೆಗೆದುಕೊಂಡದ್ದು ಅತ್ತೆಯವರ ಜೋಗುಳ. ತೊಂಬತ್ತರ ದಶಕದಲ್ಲಿ ಟೇಪ್ ರೆಕಾರ್ಡರ್ ಮುಂದೆ, ಫೋಟೋಕ್ಕೆ ಕೂತವರಂತೆ ಸೆರಗು ಸರಿಮಾಡಿಕೊಂಡು ಹಾಡಿದ್ದರು. ಈಗ ಅವರಿಲ್ಲ. ಹಾಡಿನ ನಡುವೆ ಒಂದು ಗೂಡ್ಸ್ ಗಾಡಿ ಇತ್ತು. ಕಾಕ್‌ಪಿಟ್ ಅದನ್ನು ಒಂದು ಡಬ್ಬಿಯೂ ಉಳಿಯದಂತೆ ಗುಡಿಸಿ ಹಾಕಿತು. ಹೆಮ್ಮೆಯಿಂದ, ಚಿಂಚೋಳಿಯಿಂದ ಬಂದಿದ್ದ ನಾದಿನಿ ವಿಮಲಾಗೆ ಕೇಳಿಸಿದೆ.

“ವೈನಿ, ಅವ್ವ ಯಾಕ ನಡುವ ಸುಮ್ಮ ಆದ್ಲು? ಹಾಡು ಮರತ್ಲೇನು?” ಅವಳ ಕಣ್ಣು ತುಂಬಿತು.

“ಫಿನಿಶ್ ಯುವರ್ ಸೆಂಟೆನ್ಸ್, ಗರ್ಲ್ಸ್” ಎನ್ನುತ್ತಿದ್ದರು ನಾನು ಓದಿದ ಕಾನ್ವೆಂಟಿನ ಸಿಸ್ಟರ್. ಅವರು ವಾಡಿಯಲ್ಲಿ ಹಳಿಯ ಪಕ್ಕ ಸಂಸಾರ ಮಾಡಿ ನೋಡಬೇಕಿತ್ತು! ಇಲ್ಲಿ ಗಾಡಿ ಬಂದರೆ ಮಾತು ನಿಲ್ಲುತ್ತದೆ. ಹೋದಮೇಲೆ ಬಿಟ್ಟಲ್ಲಿಂದಲೇ ಶುರು. ಜಗಳವೂ ಹಾಗೆಯೇ. ಅತ್ತೆ “ನಿಮ್ಮ ತವರಿನವರು...” ಎಂದು ಆರಂಭಿಸಿ, ಸಿಮೆಂಟಿನ ಗಾಡಿ ಪೂರ್ತಿ ದಾಟುವ ತನಕ ಬೆರಳೆತ್ತಿ ಕಾದು, “...ಇದನ್ನ ಕಲಿಸ್ಯಾರೇನು?” ಎಂದು ಮುಗಿಸುತ್ತಿದ್ದರು. ಅಷ್ಟರಲ್ಲಿ ನನಗೆ ನಗು ಬಂದಿರುತ್ತಿತ್ತು, ಎಷ್ಟೋ ಸಲ ಅವರಿಗೂ.

ಗಾಡಿ ಅಳಿಸಿದರೆ ಅತ್ತೆ ಮರೆಗುಳಿಯಾಗುತ್ತಾರೆ. ಖಾಲಿ ಜಾಗವನ್ನೇ ಕತ್ತರಿಸಿದೆ. “ಅವ್ವಗ ಇಷ್ಟು ಅವಸರ ಎಂದೂ ಇರಲಿಲ್ಲ ಬಿಡ್ರಿ,” ಎಂದಳು ವಿಮಲಾ. ಕೊನೆಗೆ ಬಡಪಾಯಿಯಲ್ಲಿ ಗಾಡಿಯ ದನಿಯನ್ನು ತುಸು ಇಳಿಸಿ, ಅದನ್ನು ಅದರ ಪಾಡಿಗೆ ಹೋಗಲು ಬಿಟ್ಟೆ. ಗಾಡಿ ಹೋಯಿತು, ಅತ್ತೆ ಬಿಟ್ಟಲ್ಲಿಂದ ಹಾಡಿದರು. “ಈಗ ಬಂದ್ಲು ನೋಡ್ರಿ ಅವ್ವ!” ಅಂದಳು.

ಹೀಗೆ ಬಡಪಾಯಿ ಗೆದ್ದಿತು. ಅದರಲ್ಲೇ ನಾನು ಮನೆಯಲ್ಲಿ ಓದಿದ ಕಥೆಯೊಂದನ್ನು, ಹೆಡ್‌ಫೋನ್ ಹಾಕಿಕೊಂಡು, ಉಸಿರೂ ಬಿಡದೆ ಸೋಸಿ ಕಳಿಸಿದೆ. ಮಾಲೀಕರ ಫೋನ್ ಬಂತು. “ಕೆಲಸ ನಿಮ್ದರಿ ಮೇಡಂ. ಕೆಮ್ಮು ಗಿಮ್ಮು ಎಲ್ಲಾ ಛಂದ ತೆಗದೀರಿ. ಆದ್ರ ಆ ರೈಲು ಯಾಕ ಬಿಟ್ರಿ?”

“ಯಾವ ರೈಲು?” ಎಂದೆ. ನಿಜಕ್ಕೂ ಕೇಳಿಸಿರಲಿಲ್ಲ. “ನಾನು ಎಲ್ಲಾ ಭಾಳ ಕೇರ್‌ಫುಲ್ ಆಗಿ...”

“ಅದಽರಿ, ಈಗ ನಿಮ್ಮ ಫೋನ್‌ನ್ಯಾಗೂ ಹೊಂಟದಲ್ಲ!”

ನೋಡುತ್ತೇನೆ, ಮಾತು ನಿಲ್ಲಿಸಿ, ಅತ್ತೆಯ ಹಾಗೆಯೇ ಬೆರಳೆತ್ತಿ ಕೂತಿದ್ದೇನೆ.