ಎಡಕ್ಕಿದ್ದರೆ ಗ್ಯಾಸು

ಓದದೆಯೇ ಡಾಕ್ಟರಾಗುವ ಚಟವೊಂದಿದೆ, ಅದು ನನಗೆ ಬಹಳ ಹಿಂದೆಯೇ ಅಂಟಿಕೊಂಡಿತು. ಹಾರೂಗೇರಿಯಲ್ಲಿ ಔಷಧಿ ಅಂಗಡಿ ಇಟ್ಟವನು ನಾನು. ಹೊಟ್ಟೆನೋವೆಂದು ಬಂದವರನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಎಡಕ್ಕೋ ಬಲಕ್ಕೋ ಹೇಳ್ರಿ." ಬಲಕ್ಕೆಂದರೆ ಅಪೆಂಡಿಕ್ಸು, ದವಾಖಾನೆಗೆ ಓಡಬೇಕು. ಎಡಕ್ಕೆಂದರೆ ಗ್ಯಾಸು, ಗುಲಾಬಿ ಬಣ್ಣದ ಬಾಟಲಿ ಒಯ್ಯಬೇಕು. ಇಷ್ಟು ಸರಳ ವಿದ್ಯೆಗೆ ಜನ ಯಾಕೆ ಅಷ್ಟು ವರ್ಷ ಓದುತ್ತಾರೋ ಎಂದು ನನಗೆ ನಗು ಬರುತ್ತಿತ್ತು. ಐನಾಪುರದಿಂದಲೂ ಗಿರಾಕಿಗಳು ಬರುತ್ತಿದ್ದರೆಂದರೆ ನನ್ನ ಜಂಬ ನೀವೇ ಊಹಿಸಿ.

ನನ್ನ ಅಣ್ಣ ಭರಮಣ್ಣ ದಿಗ್ಗೇವಾಡಿಯಲ್ಲಿ ಹೊಲ ನೋಡಿಕೊಂಡಿದ್ದ. ನಾಲ್ಕು ವರ್ಷದ ಹಿಂದೆ, ಭಾದ್ರಪದದ ಪರ್ವದಲ್ಲಿ ಉಪವಾಸ ಹಿಡಿದಾಗ ಅವನಿಗೆ ಹೊಟ್ಟೆನೋವು ಬಂತು. ಕೈ ಇಟ್ಟು ತೋರಿಸಿದ್ದು ಎಡಕ್ಕೆ. "ಖಾಲಿ ಹೊಟ್ಟಿ ಗ್ಯಾಸ್ ಅಣ್ಣಾ, ಏನೂ ಆಗೂದಿಲ್ಲ" ಅಂದೆ. ಎರಡು ದಿನ ಪಕ್ಕದಲ್ಲೇ ಕೂತು ಔಷಧಿ ಕುಡಿಸಿದೆ. ಮೂರನೆಯ ದಿನ ಚಿಕ್ಕೋಡಿಗೆ ಒಯ್ಯುವಾಗ ದಾರಿಯಲ್ಲೇ ತೀರಿಕೊಂಡ. ಕೇಳಿದವರಿಗೆಲ್ಲ ಹಾರ್ಟ್ ಅಟ್ಯಾಕ್ ಎಂದೆ. ಅದೂ ನನ್ನದೇ ತೀರ್ಮಾನ.

ಕಳೆದ ತಿಂಗಳು ಮೂತ್ರದ ಹರಳು ಇರಬಹುದೆಂಬ ಅನುಮಾನದಿಂದ ಅಥಣಿಗೆ ಸ್ಕ್ಯಾನಿಂಗಿಗೆ ಹೋದೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನ್ನ ಹೊಟ್ಟೆಯ ಮೇಲೆ ಯಂತ್ರ ಆಡಿಸಿದಳು, ಪರದೆ ನೋಡಿದಳು, ಮತ್ತೆ ಆಡಿಸಿದಳು. "ಉಲ್ಟಾ ಹಿಡ್ದೀರಿ ಕಾಣ್ತೈತಿ" ಎಂದು ನಾನೇ ತಿದ್ದಿದೆ. ಚಟ ಬಿಡಬೇಕಲ್ಲ! ಅವಳು ತಾಳ್ಮೆಯಿಂದ, "ನಾ ಸರಿ ಹಿಡದೀನ್ರಿ. ನೀವ ಉಲ್ಟಾ ಅದೀರಿ" ಅಂದಳು. ಯಕೃತ್ತು ಎಡಕ್ಕಂತೆ, ಗುಲ್ಮ ಬಲಕ್ಕಂತೆ, ಹೃದಯವೂ ಬಲಕ್ಕಂತೆ. ಹುಟ್ಟಿನಿಂದಲೇ ಹಾಗೆ, ತೊಂದರೆಯೇನಿಲ್ಲ. ಎದೆ ಮುಟ್ಟಿ ಮಾಡಿದ ಆಣೆಗಳೆಲ್ಲ ಇನ್ನೆಲ್ಲೋ ಹೋಗಿದ್ದವು. ಹೆಂಡತಿಗೆ ಫೋನಿನಲ್ಲಿ ಹೇಳಿದರೆ, "ತಲಿ ಎಲ್ಲೈತಿ ಅದನ್ನೂ ನೋಡಿಸ್ಕೊಂಡ ಬರ್ರಿ" ಅಂದಳು. ನಾನೂ ನಕ್ಕೆ.

ಹೊರಡುವಾಗ ಡಾಕ್ಟರಮ್ಮ ಹೇಳಿದಳು: "ನಿಮ್ಮ ಅಪೆಂಡಿಕ್ಸೂ ಎಡಕ್ಕೈತಿ. ನೋವು ಬಂದ್ರ ಗ್ಯಾಸ್ ಅಂತ ಕುಂದ್ರಬ್ಯಾಡ್ರಿ. ಒಮ್ಮೊಮ್ಮೆ ಇದು ಮನೆತನದಾಗ ಬರ್ತೈತಿ, ಅಣ್ಣತಮ್ಮಂದ್ರು, ಅವರ ಮಕ್ಕಳು ಇದ್ರ ಒಮ್ಮೆ ತೋರಿಸ್ರಿ."

ಅಣ್ಣನ ಹೊಟ್ಟೆಯೂ ನನ್ನಂತೆಯೇ ಇತ್ತೋ ಇಲ್ಲವೋ, ಈಗ ಯಾರೂ ಹೇಳಲಾರರು. ಚಿತೆಗೆ ಬೆಂಕಿ ಇಟ್ಟವನು ನಾನೇ. ಆದರೆ ಅವನ ಮಗಳು ಸುನಂದಾ ಇದ್ದಾಳೆ. ಅವಳನ್ನು ಸ್ಕ್ಯಾನಿಂಗಿಗೆ ಕರೆದೊಯ್ಯಬೇಕಾದರೆ ಯಾಕೆಂದು ಅಣ್ಣನ ಹೆಂಡತಿಗೆ, ನಮ್ಮ ವೈನಿಗೆ, ಹೇಳಬೇಕು. ವೈನಿಯೋ, "ನಮ್ಮ ಮೈದನ ಎರಡ ದಿನ ಪಕ್ಕ ಬಿಟ್ಟ ಏಳಲಿಲ್ಲ" ಎಂದು ಇಂದಿಗೂ ಬಂದವರ ಮುಂದೆ ನನ್ನನ್ನು ಹೊಗಳುತ್ತಾಳೆ. ಇಪ್ಪತ್ತು ದಿನ ರಿಪೋರ್ಟನ್ನು ಅಂಗಡಿಯಲ್ಲಿ ಗುಲಾಬಿ ಬಾಟಲಿಗಳ ಹಿಂದೆ ಬಚ್ಚಿಟ್ಟೆ. ಮನುಷ್ಯ ಇಷ್ಟು ಹೇಡಿಯಾಗಬಹುದೆಂದು ನನಗೆ ಗೊತ್ತಿರಲಿಲ್ಲ.

ಮೊನ್ನೆ ಭಾನುವಾರ ದಿಗ್ಗೇವಾಡಿಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಬೈಯಲಿ, ಹೊರಗೆ ನೂಕಲಿ ಎಂದುಕೊಂಡೇ ಹೋಗಿದ್ದೆ. ವೈನಿ ಜೋಳ ಹಸನು ಮಾಡುತ್ತಿದ್ದ ಮೊರ ಕೆಳಗಿಟ್ಟಳು.

"ನಾಳೆನ ಸುನಂದಾನ್ನ ಕರ್ಕೊಂಡ ಹೋಗೂಣು" ಅಂದಳು. ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡು, "ಎರಡನೇ ದಿನ ಮುಂಜಾನೆ ಅವರು ಡಾಕ್ಟರ್ ಕಡೆ ಹೋಗೂಣು ಅಂದಿದ್ರು. ನಾನ ಬ್ಯಾಡ ಅಂದೆ. ನಿಮ್ಮ ತಮ್ಮ ಇಷ್ಟೆಲ್ಲಾ ಮಾಡಾಕತ್ತಾನ, ಅವಗ ಅವಮಾನ ಆಗ್ತೈತಿ ಅಂದೆ" ಅಂದಳು.

ಎದೆ ಹಿಂಡಿದಂತಾಗಿ ಕೈ ತಾನಾಗಿ ಎಡಕ್ಕೆ ಹೋಯಿತು. ಅಲ್ಲಲ್ಲವೆಂದು ನೆನಪಾಗಿ ಬಲಕ್ಕೆ ಸರಿಸಿಕೊಂಡೆ.